ಓಲಾನಳ ಎರಡು ಮುತ್ತುಗಳು: ‘ದಿ ಗುಡ್ ಅರ್ತ್’ ಕಾದಂಬರಿಯಲ್ಲಿ ಏಳಿಗೆಯ ಲೆಕ್ಕ

ಬಡತನದಲ್ಲಿ ಹುಟ್ಟಿ, ಒಂದರ ಮೇಲೊಂದಾಗಿ ಬಂದೆರಗಿದ ವಿಪತ್ತುಗಳನ್ನು ದಾಟಿ, ಕೊನೆಗೆ ಸಿರಿವಂತನಾದವನ ಕಥೆಯನ್ನು ಹೇಳುವ ಕಾದಂಬರಿಗಳು ಅನೇಕ ಭಾಷೆಗಳಲ್ಲಿ ಉಂಟು. ಇಂಥ ಕಥೆಯನ್ನು ಕೈಗೆತ್ತಿಕೊಂಡ ಓದುಗನು ಬಯಸುವುದು ಬಹುಮಟ್ಟಿಗೆ ಒಂದೇ: ನಾಯಕನ ದುಡಿಮೆ ಫಲಿಸಬೇಕು, ಅವನ ಛಲ ಗೆಲ್ಲಬೇಕು. ಪರ್ಲ್ ಎಸ್. ಬಕ್ ಅವರು ಬರೆದು 1931ರಲ್ಲಿ ಪ್ರಕಟವಾದ ‘ದಿ ಗುಡ್ ಅರ್ತ್’ ಎಂಬ ಇಂಗ್ಲಿಷ್ ಕಾದಂಬರಿಯನ್ನು ಜಗತ್ತು ಓದಿಕೊಂಡು ಬಂದಿರುವುದೂ ಹೆಚ್ಚಾಗಿ ಹೀಗೆಯೇ. ಚೀನ ದೇಶದ ವಾಂಗ್ ಲುಂಗ್ ಎಂಬ ರೈತನು ಮಣ್ಣನ್ನು ನಂಬಿದನು, ಮಣ್ಣು ಅವನ ಕೈಬಿಡಲಿಲ್ಲ ಎಂಬುದು ಅದರ ಸಾರವೆಂದು ಹೇಳುವುದು ರೂಢಿಯಾಗಿದೆ. ಕೃತಿಯ ಹೆಸರೂ ಅದಕ್ಕೆ ಒತ್ತಾಸೆಯಾಗಿ ನಿಂತಿದೆ. ಆದರೆ ಕಥೆಯ ಘಟನೆಗಳನ್ನು ಸಾವಧಾನವಾಗಿ ಲೆಕ್ಕಹಾಕಿ ನೋಡಿದರೆ, ವಾಂಗ್ ಲುಂಗನ ಏಳಿಗೆಯ ಒಂದೊಂದು ಮೆಟ್ಟಿಲಲ್ಲಿಯೂ ಅವನ ಹೆಂಡತಿ ಓಲಾನಳ ಕೈ ಇರುವುದು ಕಂಡುಬರುತ್ತದೆ. ಆ ಋಣವನ್ನು ನಾಯಕನು ಅರಿಯುವುದು ಬಹಳ ತಡವಾಗಿ, ಅದೂ ಅರ್ಧಂಬರ್ಧವಾಗಿ. ಈ ಕಾದಂಬರಿಯ ನಿಜವಾದ ಬಲ ಇರುವುದು ಇಲ್ಲಿ.

ಲೇಖಕಿಯ ವಿಷಯವನ್ನು ಸ್ವಲ್ಪದರಲ್ಲಿ ಹೇಳಬಹುದು. ಪರ್ಲ್ ಬಕ್ ಅವರು 1892ರಲ್ಲಿ ಅಮೆರಿಕೆಯ ಪಶ್ಚಿಮ ವರ್ಜೀನಿಯಾದಲ್ಲಿ ಜನಿಸಿದರು. ತಂದೆತಾಯಿಗಳು ಚೀನದಲ್ಲಿದ್ದ ಕ್ರೈಸ್ತ ಮಿಷನರಿಗಳು. ಕೂಸಾಗಿದ್ದಾಗಲೇ ಚೀನಕ್ಕೆ ಹೋದ ಈಕೆ ಯಾಂಗ್‌ಟ್ಸಿ ನದಿಯ ದಡದ ಚಿನ್‌ಕಿಯಾಂಗ್ ಪಟ್ಟಣದಲ್ಲಿ ಬೆಳೆದು, ಚೀನೀ ಭಾಷೆಯನ್ನು ತಾಯ್ನುಡಿಯಷ್ಟೇ ಸಹಜವಾಗಿ ಆಡುತ್ತಿದ್ದರು. 1917ರಲ್ಲಿ ಅವರು ಕೈಹಿಡಿದ ಜಾನ್ ಲಾಸಿಂಗ್ ಬಕ್ ಕೃಷಿ ಅರ್ಥಶಾಸ್ತ್ರಜ್ಞರು. 2866 ಹೊಲಮನೆಗಳ ಲೆಕ್ಕಪತ್ರವನ್ನು ಶೋಧಿಸಿ ಚೀನದ ಬೇಸಾಯದ ಆರ್ಥಿಕ ಸ್ಥಿತಿಯನ್ನು ಕುರಿತ ಗ್ರಂಥವನ್ನು 1930ರಲ್ಲಿ ಹೊರತಂದವರು. ಮದುವೆಯಾದ ಮೇಲಿನ ಮೊದಲ ವರ್ಷಗಳನ್ನು ದಂಪತಿಗಳು ಅನ್ಹುಯಿ ಪ್ರಾಂತದ ಉತ್ತರ ಭಾಗದ ಒಂದು ಸಣ್ಣ ಪಟ್ಟಣದಲ್ಲಿ ಕಳೆದರು. ಬರಗಾಲ, ನೆರೆ, ದರೋಡೆಗಳು ಪದೇ ಪದೇ ಕಾಣಿಸಿಕೊಳ್ಳುತ್ತಿದ್ದ ಸೀಮೆ ಅದು. ಗಂಡನು ಹೊಲಗಳ ವಿಸ್ತೀರ್ಣವನ್ನೂ ಬೆಳೆಯ ಬೆಲೆಯನ್ನೂ ಬರೆದುಕೊಳ್ಳುತ್ತಿದ್ದಾಗ ಹೆಂಡತಿ ಮನೆಯೊಳಗಿನ ಹೆಂಗಸರೊಡನೆ ಮಾತಾಡುತ್ತಿದ್ದರು. ಅಂಕಿಅಂಶಗಳ ಗ್ರಂಥದಲ್ಲಿ ಬಾರದ ಸಂಗತಿಗಳು ಕಾದಂಬರಿಗೆ ದೊರೆತದ್ದು ಈ ಮಾತುಕತೆಯಿಂದ ಎಂದು ಊಹಿಸಿದರೆ ತಪ್ಪಾಗಲಾರದು.

ಕಥೆಗೆ ಲೇಖಕಿ ಇಸವಿಯನ್ನು ಕೊಟ್ಟಿಲ್ಲ. ನಾಯಕನ ತಲೆಯಲ್ಲಿ ಉದ್ದನೆಯ ಜಡೆಯಿದೆ, ದಕ್ಷಿಣದ ನಗರಕ್ಕೆ ಉಗಿಬಂಡಿ ಓಡುತ್ತಿದೆ, ಕೊನೆಯ ಭಾಗದಲ್ಲಿ ಕ್ರಾಂತಿಯ ಮಾತು ಕೇಳಿಬರುತ್ತದೆ. ಆದ್ದರಿಂದ ಮಂಚು ದೊರೆಗಳ ಆಳ್ವಿಕೆಯ ಕೊನೆಗಾಲ ಮತ್ತು ಅದರ ಅನಂತರದ ಕೆಲವು ವರ್ಷಗಳು ಎಂದು ಓದುಗನು ತಿಳಿದುಕೊಳ್ಳಬೇಕು. ಊರಿಗೂ ಹೆಸರಿಲ್ಲ. ಹೆಸರಿರುವುದು ಊರಿನ ಶ್ರೀಮಂತ ಮನೆತನಕ್ಕೆ: ಹ್ವಾಂಗ್ ಮನೆತನ.

ವಾಂಗ್ ಲುಂಗನ ಮದುವೆಯ ಬೆಳಗಿನಿಂದ ಕಥೆ ಮೊದಲಾಗುತ್ತದೆ. ಆ ದಿನ ಅವನು ಮೈತುಂಬ ನೀರು ಹಾಕಿಕೊಂಡು ತೊಳೆದುಕೊಳ್ಳುತ್ತಾನೆ. ಬಿಸಿನೀರಿಗೆ ನಾಲ್ಕು ಚಹದ ಎಲೆ ಉದುರಿಸಿದ್ದಕ್ಕೆ ಮುದಿ ತಂದೆ ಇದೇನು ದುಂದುವೆಚ್ಚವೆಂದು ಗೊಣಗುತ್ತಾನೆ. ಬಡತನವನ್ನು ವರ್ಣಿಸಲು ಲೇಖಕಿಗೆ ಇಷ್ಟು ಸಾಕು. ಹೆಣ್ಣು ತರಲು ವಾಂಗ್ ಲುಂಗ್ ಹೋಗುವುದು ಹ್ವಾಂಗರ ದೊಡ್ಡಮನೆಗೆ. ಆ ಮನೆಯ ಅಡಿಗೆಯ ತೊತ್ತು ಓಲಾನ್. ಬರಗಾಲದ ಒಂದು ವರ್ಷ, ಹತ್ತು ವಯಸ್ಸಿನ ಹುಡುಗಿಯಾಗಿದ್ದಾಗ ತಂದೆತಾಯಿಗಳು ಅವಳನ್ನು ಅಲ್ಲಿಗೆ ಮಾರಿದ್ದರು. ಚೆಲುವೆಯಲ್ಲ, ಕಟ್ಟಿ ಕಿರಿದುಮಾಡಿದ ಪಾದಗಳೂ ಅಲ್ಲ. ಬಡ ರೈತನಿಗೆ ಚೆಲುವೆಯಾದ ತೊತ್ತು ದಕ್ಕುವುದಿಲ್ಲವೆಂದು ತಂದೆಯೇ ಮಗನಿಗೆ ಮೊದಲೇ ತಿಳಿಹೇಳಿರುತ್ತಾನೆ. ದೊಡ್ಡಮನೆಯ ಹೆಬ್ಬಾಗಿಲಲ್ಲಿ ಕಾವಲುಗಾರನಿಗೆ ಲಂಚ ತೆತ್ತು, ಅಫೀಮಿನ ಕೊಳವೆ ಹಿಡಿದು ಕುಳಿತ ಮುದಿ ಯಜಮಾನಿಯ ಮುಂದೆ ನಡುಗುತ್ತ ನಿಂತ ವಾಂಗ್ ಲುಂಗ್ ತನ್ನ ಹೆಂಡತಿಯನ್ನು ಪಡೆದುಕೊಂಡು ಬರುತ್ತಾನೆ. ಆ ಎತ್ತರದ ಬಾಗಿಲನ್ನೂ ಆ ಕೆತ್ತನೆಯ ಪೀಠವನ್ನೂ ಓದುಗನು ನೆನಪಿಟ್ಟುಕೊಂಡಿರಬೇಕು.

ಮದುವೆಯಾದ ಮೇಲೆ ಮನೆಯ ಚಿತ್ರವೇ ಬದಲಾಗುತ್ತದೆ. ಓಲಾನ್ ಕಟ್ಟಿಗೆ ಆರಿಸಿ ತರುತ್ತಾಳೆ, ದಾರಿಯಲ್ಲಿ ಬಿದ್ದ ಸಗಣಿಯನ್ನು ಗೊಬ್ಬರಕ್ಕೆಂದು ಬಳಿದು ತರುತ್ತಾಳೆ, ಹರಿದ ಬಟ್ಟೆ ಹೊಲಿಯುತ್ತಾಳೆ. ಇವೆಲ್ಲ ಮುಗಿದ ಮೇಲೆ ಗುದ್ದಲಿ ಹಿಡಿದು ಹೊಲಕ್ಕಿಳಿಯುತ್ತಾಳೆ. ಮಾತೆಂಬುದು ಅವಳಲ್ಲಿ ಬಹಳ ಕಡಮೆ. ಹೆರಿಗೆಯ ಹೊತ್ತಿಗೆ ಅವಳು ಗಂಡನಿಂದ ಕೇಳುವುದು ಸಿಪ್ಪೆ ಸುಲಿದು ಸೀಳಿದ ಒಂದು ಹಸಿ ಜೊಂಡಿನ ಕಡ್ಡಿಯನ್ನು ಮಾತ್ರ, ಮಗುವಿನ ಹೊಕ್ಕುಳಬಳ್ಳಿ ಕೊಯ್ಯಲು. ಬಾಗಿಲು ಮುಚ್ಚಿಕೊಂಡು ಒಬ್ಬಳೇ ಹೆರುತ್ತಾಳೆ. ಎರಡನೆಯ ಮಗು ಹುಟ್ಟಿದ ದಿನ ಸೂರ್ಯ ಮುಳುಗುವುದರೊಳಗೆ ಮತ್ತೆ ಹೊಲದಲ್ಲಿ ಗಂಡನ ಪಕ್ಕದಲ್ಲಿದ್ದಾಳೆ. ಈ ಪುಟಗಳಲ್ಲಿ ಲೇಖಕಿ ಎಲ್ಲಿಯೂ ಉದ್ಗಾರ ತೆಗೆಯುವುದಿಲ್ಲ, ಕನಿಕರ ಬೇಡುವುದಿಲ್ಲ. ಹೊಲದ ಕೆಲಸದಷ್ಟೇ ನಿರಾಡಂಬರವಾದ ವಾಕ್ಯಗಳಲ್ಲಿ ಸಂಗತಿಯನ್ನು ಹೇಳಿ ಮುಂದೆ ಸಾಗುತ್ತಾರೆ. ಅವರು ಬಾಲ್ಯದಿಂದ ಓದಿದ ಬೈಬಲಿನ ಇಂಗ್ಲಿಷ್ ಶೈಲಿ ಹಾಗೂ ಚೀನೀ ಕಥೆಗಾರರ ನಿರೂಪಣಾಕ್ರಮ ಎರಡೂ ಇಲ್ಲಿ ಕೂಡಿಕೊಂಡಿವೆಯೆಂಬ ವಿಮರ್ಶಕರ ಮಾತು ಒಪ್ಪತಕ್ಕದ್ದು. ‘ಷುಯಿ ಹು ಚುವಾನ್’ ಎಂಬ ಪ್ರಾಚೀನ ಚೀನೀ ಕಾದಂಬರಿಯನ್ನು ಅವರು ಇಂಗ್ಲಿಷಿಗೆ ತಂದು 1933ರಲ್ಲಿ ಪ್ರಕಟಿಸಿದರು. 1938ರ ನೊಬೆಲ್ ಉಪನ್ಯಾಸಕ್ಕೂ ಚೀನೀ ಕಾದಂಬರಿಯನ್ನೇ ವಿಷಯವಾಗಿ ಆರಿಸಿಕೊಂಡರು.

ಇನ್ನು ಏಳಿಗೆಯ ಲೆಕ್ಕಕ್ಕೆ ಬರಬಹುದು. ವಾಂಗ್ ಲುಂಗ್ ಮೊಟ್ಟಮೊದಲು ಹೊಸ ಭೂಮಿ ಕೊಂಡದ್ದು ಹೇಗೆ? ಕೈಯಲ್ಲಿ ಬೆಳ್ಳಿ ನಾಣ್ಯಗಳಿದ್ದವು ನಿಜ. ಆ ಬೆಳೆಯಲ್ಲಿ ಇಬ್ಬರ ಬೆವರೂ ಇತ್ತು. ಆದರೆ ಭೂಮಿ ಮಾರಾಟಕ್ಕಿದೆಯೆಂಬ ಸುದ್ದಿ ತಂದವಳು ಓಲಾನ್. ಹೊಸವರ್ಷದ ದಿನ ಚೊಚ್ಚಲ ಮಗನಿಗೆ ಕೆಂಪು ಅಂಗಿ ತೊಡಿಸಿ, ತಾನೂ ಹೊಸ ಬಟ್ಟೆಯುಟ್ಟು, ದೊಡ್ಡಮನೆಯ ಅಡಿಗೆಮನೆಯಲ್ಲಿ ಕಲಿತ ಸಿಹಿ ಕಜ್ಜಾಯಗಳನ್ನು ಮಾಡಿಕೊಂಡು ಅವಳು ಹಳೆಯ ಯಜಮಾನಿಯನ್ನು ಕಾಣಲು ಹೋಗುತ್ತಾಳೆ. ತೊತ್ತಾಗಿ ಬಂದವಳು ತಾಯಾಗಿ ಹೋಗಬೇಕೆಂಬುದು ಅವಳು ಬಹುಕಾಲದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಬಯಕೆ. ಅಲ್ಲಿ ಅವಳ ಕಣ್ಣು ಸುಮ್ಮನಿರಲಿಲ್ಲ. ಯಜಮಾನಿ ಹಳೆಯ ಬಟ್ಟೆಯಲ್ಲಿದ್ದಾಳೆ, ಆಳುಗಳ ಉಡುಪು ಜೀರ್ಣವಾಗಿದೆ, ಮನೆಗೆ ಹಣದ ಮುಗ್ಗಟ್ಟು ಬಂದಿದೆ ಎಂಬುದನ್ನು ಗ್ರಹಿಸಿ, ಹೊಲ ಮಾರಲಿದ್ದಾರೆಂಬ ವರ್ತಮಾನವನ್ನು ಗಂಡನಿಗೆ ತಿಳಿಸುತ್ತಾಳೆ. ಅಲ್ಲಿಂದ ಮುಂದೆ ವಾಂಗ್ ಲುಂಗನ ಭೂಮಿಯ ಹಸಿವು ಹುಟ್ಟುತ್ತದೆ. ಮೊದಲ ಮೆಟ್ಟಿಲು ಇದು.

ಅನಂತರ ಬಂದದ್ದು ಬರಗಾಲ. ಉಳಿಸಿದ ಹಣವನ್ನೆಲ್ಲ ಹೊಲಕ್ಕೆ ಹಾಕಿದ್ದ ವಾಂಗ್ ಲುಂಗನಿಗೆ ಒಂದೇ ಸಮಾಧಾನ: ಧಾನ್ಯವನ್ನೂ ಬೆಳ್ಳಿಯನ್ನೂ ಜನರು ಕಸಿದುಕೊಂಡು ಹೋಗಬಹುದು, ನೆಲವನ್ನು ಹೊತ್ತೊಯ್ಯಲಾರರು. ಇದು ಅವನ ಜೀವನದ ತತ್ತ್ವವೇ ಆಗಿದೆ. ಆದರೆ ಮಳೆಯಿಲ್ಲದ ನೆಲ ಅನ್ನ ಕೊಡಲಾರದು. ದುಡಿದವನೂ ಹಸಿದ, ದುಡಿಯದ ಅವನ ಚಿಕ್ಕಪ್ಪನೂ ಹಸಿದ. ಮಣ್ಣನ್ನು ನಂಬಿದವನಿಗೆ ಮಣ್ಣು ಸದಾ ಒಲಿಯುವುದೆಂಬ ಅರ್ಥವನ್ನು ಈ ಕೃತಿಯಿಂದ ತೆಗೆಯುವವರು ಈ ಅಧ್ಯಾಯಗಳನ್ನು ಬೇಗ ಬೇಗ ದಾಟಿರಬೇಕು. ಇಲ್ಲಿ ಆ ಕುಟುಂಬ ಮಣ್ಣನ್ನೇ ನೀರಿನಲ್ಲಿ ಕದಡಿ ಕುಡಿಯುತ್ತದೆ.

ಈ ಭಾಗದಲ್ಲಿ ಮನೆಯನ್ನು ಹಿಡಿದು ನಿಲ್ಲಿಸಿದವಳು ಯಾರೆಂಬುದನ್ನು ಗಮನಿಸಬೇಕು. ಉಳುವ ಎತ್ತನ್ನು ಕೊಲ್ಲಬೇಕಾಗಿ ಬಂದಾಗ ವಾಂಗ್ ಲುಂಗನಿಗೆ ಕೈ ಬರುವುದಿಲ್ಲ. ಆ ಕೆಲಸವನ್ನು ಓಲಾನ್ ಮಾಡುತ್ತಾಳೆ. ಹಸಿದ ಊರಜನ ಮನೆಗೆ ನುಗ್ಗಿ, ಇದ್ದ ಬೊಗಸೆ ಕಾಳನ್ನು ದೋಚಿ, ಮೇಜು ಬೆಂಚುಗಳಿಗೂ ಕೈಹಾಕಿದಾಗ ಎದುರಿಗೆ ನಿಂತು ನ್ಯಾಯದ ಮಾತನಾಡಿ ಅವರನ್ನು ನಾಚಿಸಿ ಕಳುಹಿಸುವವಳೂ ಅವಳೇ. ಪಟ್ಟಣದಿಂದ ಬಂದವರು ಹೊಲವನ್ನು ಪುಡಿಗಾಸಿಗೆ ಕೇಳಿದಾಗ ವಾಂಗ್ ಲುಂಗ್ ಕೂಗಾಡಿ ಅಳುತ್ತಾನೆ, ನೆಲ ಕೊಡೆನೆನ್ನುತ್ತಾನೆ. ಆಗ ಒಳಗಿನಿಂದ ಎದ್ದು ಬಂದ ಓಲಾನ್, ನೆಲವನ್ನು ಮಾರುವುದಿಲ್ಲ, ಮಂಚ ಮೇಜು ಬೆಂಚುಗಳನ್ನು ಮಾರುತ್ತೇವೆ, ನೇಗಿಲು ಗುದ್ದಲಿಗಳನ್ನು ಕೊಡುವುದಿಲ್ಲ ಎಂದು ಶಾಂತವಾಗಿ ವ್ಯವಹಾರ ಮುಗಿಸುತ್ತಾಳೆ. ದಕ್ಷಿಣಕ್ಕೆ ಹೋಗುವ ದಾರಿಯ ಖರ್ಚಿಗೆ ಹಣ ದೊರೆತದ್ದು ಹೀಗೆ. ನೆಲ ಉಳಿದದ್ದು ವಾಂಗ್ ಲುಂಗನ ಛಲದಿಂದ ಎಷ್ಟೋ ಅಷ್ಟೇ ಅವಳ ವಿವೇಕದಿಂದ. ಇದರ ನಡುವೆ ಆಗತಾನೆ ಹುಟ್ಟಿದ ಹೆಣ್ಣುಕೂಸಿನ ಕೊರಳಲ್ಲಿ ವಾಂಗ್ ಲುಂಗ್ ಎರಡು ಕಪ್ಪು ಗುರುತುಗಳನ್ನು ಕಾಣುತ್ತಾನೆ. ಲೇಖಕಿ ಅಷ್ಟನ್ನೇ ಹೇಳಿ ಸುಮ್ಮನಾಗುತ್ತಾರೆ. ವಾಂಗ್ ಲುಂಗನೂ ಏನನ್ನೂ ಕೇಳುವುದಿಲ್ಲ. ಬರಗಾಲದಲ್ಲಿ ತಾಯಿಯ ಪಾಲಿಗೆ ಯಾವ ಕೆಲಸ ಬಂದು ಬೀಳುತ್ತದೆಂಬುದನ್ನು ಇದಕ್ಕಿಂತ ಭೀಕರವಾಗಿ, ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳಿದ ಕಾದಂಬರಿಗಳು ವಿರಳ.

ದಕ್ಷಿಣದ ನಗರದಲ್ಲಿ ಒಬ್ಬ ಧನಿಕನ ಮನೆಯ ಎತ್ತರದ ಗೋಡೆಗೆ ಒರಗಿಸಿ ಚಾಪೆಯ ಗುಡಿಸಲು ಕಟ್ಟಿಕೊಳ್ಳುತ್ತಾರೆ. ಚಾಪೆಯನ್ನು ಬಗ್ಗಿಸಿ ಗುಡಿಸಲು ಮಾಡುವ ಕ್ರಮವೂ, ಬೋಗುಣಿ ಹಿಡಿದು ಭಿಕ್ಷೆ ಬೇಡುವ ಕ್ರಮವೂ ಓಲಾನಳಿಗೆ ಬಾಲ್ಯದಿಂದ ಗೊತ್ತು. ಇಂಥದೇ ಒಂದು ವರ್ಷ ಅವಳು ಬೇಡಿದ್ದಳು, ಇಂಥದೇ ಒಂದು ವರ್ಷ ಮಾರಾಟವಾಗಿದ್ದಳು. ವಾಂಗ್ ಲುಂಗ್ ರಿಕ್ಷಾ ಎಳೆಯುತ್ತಾನೆ. ದಿನವೆಲ್ಲ ಎಳೆದರೂ ಊರಿಗೆ ಹಿಂದಿರುಗುವಷ್ಟು ಹಣ ಕೂಡುವುದಿಲ್ಲ. ಎರಡನೆಯ ಮಗ ಮಾಂಸದ ತುಣುಕೊಂದನ್ನು ಕದ್ದು ತಂದಾಗ, ಬೇಡಿದರೂ ಸರಿ, ಕಳ್ಳರಾಗಬಾರದೆಂದು ತಂದೆ ಅದನ್ನು ಪಾತ್ರೆಯಿಂದ ಎತ್ತಿ ನೆಲಕ್ಕೆಸೆಯುತ್ತಾನೆ. ತಾಯಿ ಅದನ್ನು ಎತ್ತಿಕೊಂಡು ತೊಳೆದು ಮರಳಿ ಕುದಿಯುವ ಪಾತ್ರೆಗೆ ಹಾಕುತ್ತಾಳೆ. ಗಂಡನ ನೀತಿ ಹೆಂಡತಿಗೆ ತಿಳಿಯದ್ದಲ್ಲ. ಆದರೆ ನೀತಿಗಾಗಿ ಮಕ್ಕಳನ್ನು ಉಪವಾಸ ಕೆಡವುವ ಅಧಿಕಾರ ತನಗಿಲ್ಲವೆಂದು ಅವಳು ಬಲ್ಲಳು. ಈ ಎರಡು ಕೈಗಳಲ್ಲಿ ಯಾವುದು ಸರಿ ಎಂಬ ತೀರ್ಪನ್ನು ಲೇಖಕಿ ಕೊಟ್ಟಿಲ್ಲ. ಕೊಡದಿರುವುದೇ ಲೇಸಾಯಿತು.

ಊರಿಗೆ ಹಿಂದಿರುಗಲು ಬೇರೆ ದಾರಿಯೇ ಕಾಣದೆ, ಹಿರಿಯ ಮಗಳನ್ನು ಮಾರುವ ಮಾತು ಗಂಡಹೆಂಡಿರ ನಡುವೆ ಬರುತ್ತದೆ. ತೊತ್ತಿನ ಬಾಳು ಎಂಥದೆಂದು ಓಲಾನ್ ಮೊದಲ ಬಾರಿ ಬಾಯಿಬಿಡುವುದು ಆಗ. ಅದೇ ರಾತ್ರಿಗಳಲ್ಲಿ ನಗರಕ್ಕೆ ಶತ್ರುಸೈನ್ಯ ನುಗ್ಗುತ್ತದೆ, ಗೋಡೆಯಾಚೆಯ ಧನಿಕನ ಮನೆಯ ಬಾಗಿಲು ಮುರಿಯುತ್ತದೆ, ಬಡವರ ಹಿಂಡು ಒಳಹೊಗುತ್ತದೆ. ಜನಪ್ರವಾಹದಲ್ಲಿ ಕೊಚ್ಚಿಕೊಂಡು ಹೋದ ವಾಂಗ್ ಲುಂಗನಿಗೆ ಒಳಮನೆಯಲ್ಲಿ ಅಡಗಿದ್ದ ಒಬ್ಬ ಸ್ಥೂಲಕಾಯದ ಧನಿಕ ಸಿಕ್ಕುತ್ತಾನೆ. ಪ್ರಾಣಭಯದಿಂದ ಅವನು ಚಿನ್ನದ ನಾಣ್ಯಗಳನ್ನು ಸುರಿಯುತ್ತಾನೆ. ಊರಿಗೆ ಮರಳಲು, ಎತ್ತು ಬೀಜಗಳನ್ನು ಕೊಳ್ಳಲು ಆದ ಹಣ ಇದು. ದುಡಿಮೆಯಿಂದ ಬಂದದ್ದಲ್ಲ. ಕದ್ದ ಮಾಂಸವನ್ನು ನೆಲಕ್ಕೆಸೆದ ಅದೇ ಕೈ ಈಗ ಇನ್ನಷ್ಟು ಕೊಡೆಂದು ಚಾಚುತ್ತದೆ. ಲೇಖಕಿ ಇದನ್ನು ಬೊಟ್ಟುಮಾಡಿ ತೋರಿಸಿಲ್ಲವಾದರೂ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಸಾಹಿತ್ಯ ವಿದ್ಯಾರ್ಥಿಯ ಕೆಲಸ.

ಆದರೆ ಏಳಿಗೆಯ ನಿಜವಾದ ಮೂಲಧನ ಈ ಚಿನ್ನವಲ್ಲ. ಊರಿಗೆ ಮರಳಿದ ಮೇಲೆ ಒಂದು ರಾತ್ರಿ ವಾಂಗ್ ಲುಂಗನ ಕೈಗೆ ಹೆಂಡತಿಯ ಎದೆಯ ನಡುವೆ ಕಟ್ಟಿಕೊಂಡ ಒಂದು ಗಂಟು ತಾಗುತ್ತದೆ. ಬಿಚ್ಚಿ ನೋಡಿದರೆ ರತ್ನಗಳ ರಾಶಿ. ಆ ಗಲಭೆಯಲ್ಲಿ ಅವಳು ಗೋಡೆಯ ಒಂದು ಸಡಿಲವಾದ ಇಟ್ಟಿಗೆಯನ್ನು ಕಂಡು, ಅದನ್ನು ಎಳೆದು, ಒಳಗಿದ್ದುದನ್ನು ತೆಗೆದುಕೊಂಡಿದ್ದಳು. ಸಡಿಲ ಇಟ್ಟಿಗೆಯ ಅರ್ಥ ಅವಳಿಗೆ ಹೇಗೆ ತಿಳಿಯಿತು? ಸಿರಿವಂತರ ಮನೆಯಲ್ಲಿ ತೊತ್ತಾಗಿದ್ದವಳಿಗೆ ಸಿರಿವಂತರ ಭಯ ಗೊತ್ತು. ಕಳ್ಳರು ನುಗ್ಗಿದ ಒಂದು ವರ್ಷ ಹ್ವಾಂಗರ ಮನೆಯ ಹೆಂಗಸರು ತಮ್ಮ ಒಡವೆಗಳನ್ನು ಮೊದಲೇ ಗೊತ್ತುಮಾಡಿಕೊಂಡ ಅಡಗುದಾಣಗಳಲ್ಲಿ ತುರುಕುವುದನ್ನು ಅವಳು ನೋಡಿದ್ದಳು. ವಾಂಗ್ ಲುಂಗನ ಹತ್ತು ವರ್ಷದ ಬೇಸಾಯದಿಂದ ಬಾರದಿದ್ದ ಸಂಪತ್ತು ಓಲಾನಳ ಹತ್ತು ವರ್ಷದ ದಾಸ್ಯದ ತಿಳಿವಳಿಕೆಯಿಂದ ಬಂತು. ಈ ರತ್ನಗಳನ್ನು ಕೊಟ್ಟೇ ಅವನು ಪತನಗೊಂಡಿದ್ದ ಹ್ವಾಂಗ್ ಮನೆತನದ ಭೂಮಿಯನ್ನು ಕೊಳ್ಳುತ್ತಾನೆ.

ಇಲ್ಲಿ ಬರುತ್ತದೆ ಮುತ್ತುಗಳ ಪ್ರಸಂಗ. ರತ್ನಗಳನ್ನೆಲ್ಲ ಭೂಮಿಯಾಗಿ ಪರಿವರ್ತಿಸಬೇಕೆಂದು ಗಂಡನು ತೀರ್ಮಾನಿಸಿದಾಗ, ಓಲಾನ್ ಅಂಜುತ್ತ ಅಂಜುತ್ತ ಎರಡನ್ನು ತಾನಿಟ್ಟುಕೊಳ್ಳಲೇ ಎಂದು ಕೇಳುತ್ತಾಳೆ. ತೊಡುವುದಕ್ಕಲ್ಲ; ಇಟ್ಟುಕೊಳ್ಳುವುದಕ್ಕೆ, ಆಗಾಗ ಅಂಗೈಯಲ್ಲಿ ಹಿಡಿಯುವುದಕ್ಕೆ. ತಾನೇ ಕಂಡು, ತಾನೇ ತೆಗೆದು, ತಾನೇ ಹೊತ್ತು ತಂದ ನಿಧಿಯಲ್ಲಿ ಅವಳು ಬೇಡಿ ಪಡೆದದ್ದು ಎರಡು ಸಣ್ಣ ಬಿಳಿಯ ಮುತ್ತು. ಜೀವಮಾನವೆಲ್ಲ ಕೂಲಿಯಿಲ್ಲದೆ ದುಡಿದ ಈ ಹೆಣ್ಣಿನ ಅಂತರಂಗವನ್ನು ಆ ಕ್ಷಣದಲ್ಲಿ ವಾಂಗ್ ಲುಂಗ್ ತುಸು ಇಣುಕಿ ಕಂಡನೆಂದು ಲೇಖಕಿ ಸೂಚಿಸುತ್ತಾರೆ. ಇಣುಕಿದ ಕಣ್ಣು ಮರುಕ್ಷಣವೇ ಬೇರೆಡೆಗೆ ತಿರುಗುತ್ತದೆ.

ಅನಂತರದ ವರ್ಷಗಳು ಸಮೃದ್ಧಿಯವು. ಬರಗಾಲದಲ್ಲಿ ತನ್ನ ಮನೆಯ ಕಾಳಿಗೆ ಕೈಹಾಕಿದ್ದ, ಆದರೂ ಮನಸ್ಸಿನಲ್ಲಿ ಒಳ್ಳೆಯವನಾದ ನೆರೆಮನೆಯ ಚಿಂಗ್‌ನನ್ನು ವಾಂಗ್ ಲುಂಗ್ ಮೇಸ್ತ್ರಿಯಾಗಿ ಇಟ್ಟುಕೊಳ್ಳುತ್ತಾನೆ, ಕಣಜ ತುಂಬುತ್ತದೆ, ಮಕ್ಕಳು ಅಕ್ಷರ ಕಲಿಯುತ್ತಾರೆ. ಈ ಭಾಗ ಕಥೆಗೆ ಅವಶ್ಯವಾದರೂ ಅಷ್ಟೇನೂ ಕುತೂಹಲಕರವಲ್ಲ. ಕುತೂಹಲ ಮರುಕಳಿಸುವುದು ನೆರೆ ಬಂದಾಗ. ಹೊಲ ನೀರಿನಲ್ಲಿ ಮುಳುಗಿ, ಮಾಡಲು ಕೆಲಸವಿಲ್ಲದ ವಾಂಗ್ ಲುಂಗನ ಕಣ್ಣಿಗೆ ಮೊದಲ ಬಾರಿ ತನ್ನ ಹೆಂಡತಿಯ ಕುರೂಪ ಬೀಳುತ್ತದೆ. ಪಟ್ಟಣದ ಚಹದಂಗಡಿಯ ಮೇಲಂತಸ್ತಿನಲ್ಲಿರುವ ಲೋಟಸ್ ಎಂಬ ಗಣಿಕೆಯಲ್ಲಿ ಅವನು ಮರುಳಾಗುತ್ತಾನೆ, ಜಡೆಯನ್ನೂ ಕತ್ತರಿಸಿಕೊಳ್ಳುತ್ತಾನೆ. ಒಂದು ದಿನ ಕೊಳದಲ್ಲಿ ಬಟ್ಟೆ ಒಗೆಯುತ್ತಿರುವ ಓಲಾನಳ ಬಳಿಗೆ ಬಂದು ಆ ಮುತ್ತುಗಳನ್ನು ಕೇಳುತ್ತಾನೆ. ಕಿರಿಮಗಳ ಮದುವೆಗೆ ಕಿವಿಯೋಲೆ ಮಾಡಿಸಬೇಕೆಂದಿದ್ದೆ ಎನ್ನುತ್ತಾಳೆ ಅವಳು. ಕಪ್ಪು ಮೈಬಣ್ಣದವಳಿಗೆ ಮುತ್ತೇಕೆ ಎಂಬುದು ಅವನ ಉತ್ತರ. ಒದ್ದೆಗೈಯನ್ನು ಎದೆಗೆ ಹಾಕಿ ಸಣ್ಣ ಗಂಟನ್ನು ತೆಗೆದು ಕೊಡುತ್ತಾಳೆ. ಮತ್ತೆ ಬಟ್ಟೆ ಬಡಿಯಲು ತೊಡಗುತ್ತಾಳೆ. ಕಣ್ಣೀರು ಇಳಿಯುತ್ತಿದೆ, ಒರೆಸಿಕೊಳ್ಳುವುದಿಲ್ಲ. ಇಡೀ ಕಾದಂಬರಿಯಲ್ಲಿ ಅತ್ಯಂತ ಕ್ರೂರವಾದ ದೃಶ್ಯ ಬರಗಾಲದ್ದಲ್ಲ, ಇದು. ಬರಗಾಲ ಆಕಾಶದಿಂದ ಬಂದದ್ದು.

ಈ ಪ್ರಸಂಗವನ್ನು ಅರ್ಥಮಾಡಿಕೊಳ್ಳಲು ನಿರೂಪಣೆಯ ಒಂದು ಕ್ರಮವನ್ನು ತಿಳಿಯಬೇಕು. ಕಥೆಯನ್ನು ಲೇಖಕಿ ಬಹುಮಟ್ಟಿಗೆ ವಾಂಗ್ ಲುಂಗನ ಕಣ್ಣಿನಿಂದಲೇ ನೋಡುತ್ತಾರೆ. ಓಲಾನಳ ಮನಸ್ಸಿನೊಳಗೆ ಓದುಗನಿಗೆ ಪ್ರವೇಶವಿಲ್ಲ. ಅವಳ ಕೈ ಏನು ಮಾಡಿತೆಂಬುದಷ್ಟೇ ಕಾಣುತ್ತದೆ. ಆದಕಾರಣ ಅವಳ ಋಣದ ಲೆಕ್ಕವನ್ನು ಪುಸ್ತಕದಲ್ಲಿ ಯಾರೂ ಒಟ್ಟುಮಾಡಿ ಹೇಳುವುದಿಲ್ಲ. ಒಂದೇ ಒಂದು ಕಡೆ ಅದು ಮಗಳ ಬಾಯಿಂದ ಹೊರಬೀಳುತ್ತದೆ. ಪಾದ ಕಟ್ಟಿದ ನೋವಿಗೆ ಕಿರಿಮಗಳು ಗುಟ್ಟಾಗಿ ಅಳುತ್ತಿರುವುದನ್ನು ತಂದೆ ಕಂಡು ಕಾರಣ ಕೇಳುತ್ತಾನೆ. ಗಟ್ಟಿಯಾಗಿ ಅತ್ತರೆ ಅಪ್ಪ ಮರುಗಿ ಕಟ್ಟು ಬಿಚ್ಚಿಸಿಬಿಟ್ಟಾನು. ಆಗ ನಿನ್ನ ಗಂಡನೂ, ನನ್ನನ್ನು ನಿಮ್ಮಪ್ಪ ಒಲ್ಲದ ಹಾಗೆ, ನಿನ್ನನ್ನು ಒಲ್ಲದೆ ಹೋದಾನು ಎಂದು ತಾಯಿ ಎಚ್ಚರಿಸಿದ್ದಾಳೆಂದು ಮಗು ಮುಗ್ಧವಾಗಿ ಹೇಳಿಬಿಡುತ್ತದೆ. ಮಾತಿಲ್ಲದ ಹೆಂಡತಿಗೆ ಎಲ್ಲವೂ ತಿಳಿದಿತ್ತೆಂಬುದು ವಾಂಗ್ ಲುಂಗನಿಗೆ ಆಗ ಇರಿದಂತಾಗುತ್ತದೆ.

ಓಲಾನ್ ಹೊಟ್ಟೆಯ ಬೇನೆಯಿಂದ ಹಾಸಿಗೆ ಹಿಡಿದಾಗ ವೈದ್ಯನು ಪೂರ್ಣ ಗುಣಪಡಿಸುವ ಭರವಸೆಗೆ ಐನೂರು ಬೆಳ್ಳಿ ನಾಣ್ಯ ಕೇಳುತ್ತಾನೆ. ಅಷ್ಟು ಹಣಕ್ಕೆ ಒಳ್ಳೆಯ ಹೊಲವೇ ಬರುತ್ತದೆ, ತನ್ನ ಜೀವಕ್ಕೆ ಅಷ್ಟು ಬೆಲೆಯಿಲ್ಲ ಎನ್ನುತ್ತಾಳೆ ರೋಗಿ. ಹೊಲ ಮಾರಿಯಾದರೂ ಉಳಿಸುವೆನೆಂದು ಗಂಡನು ಹೇಳಿದಾಗ ಬೇಡವೆನ್ನುವವಳೂ ಅವಳೇ. ಭೂಮಿಗಾಗಿ ತನ್ನನ್ನು ಬಿಟ್ಟುಕೊಡುವುದು ಅವಳಿಗೆ ಅಷ್ಟು ಅಭ್ಯಾಸವಾಗಿ ಹೋಗಿದೆ. ಹಿರಿಯ ಮಗನ ಮದುವೆಯನ್ನು ಕಣ್ಣಾರೆ ಕಂಡು ಅವಳು ಸಾಯುತ್ತಾಳೆ. ಶವಸಂಸ್ಕಾರ ಮುಗಿಸಿ ಹಿಂದಿರುಗುವಾಗ ವಾಂಗ್ ಲುಂಗನ ಮನಸ್ಸಿಗೆ ಬರುವುದು ಆ ಎರಡು ಮುತ್ತು: ತಾನು ಅವನ್ನು ತೆಗೆದುಕೊಳ್ಳಬಾರದಾಗಿತ್ತು, ಲೋಟಸಳ ಕಿವಿಯಲ್ಲಿ ಇನ್ನು ಅವನ್ನು ನೋಡಲಾರೆ. ಋಣವನ್ನು ಅವನು ಒಪ್ಪಿಕೊಂಡದ್ದು ಅಷ್ಟು.

ಇದಕ್ಕೆ ಒಂದು ಪ್ರತಿವಾದವುಂಟು, ಅದನ್ನು ತಳ್ಳಿಹಾಕಲಾಗದು. ರತ್ನಗಳು ದೊರೆತ ಮಾತ್ರಕ್ಕೆ ಏಳಿಗೆಯಾಗುವುದಿಲ್ಲ. ಅವನ್ನು ಹಾಳುಮಾಡದೆ ಹೊಲವಾಗಿಸಿ, ಹೊಲವನ್ನು ಉತ್ತು ಬಿತ್ತಿ ಬೆಳೆಯಾಗಿಸಿದವನು ವಾಂಗ್ ಲುಂಗ್. ಹ್ವಾಂಗರ ಮನೆಯವರಲ್ಲಿಯೂ ರತ್ನಗಳಿದ್ದವು, ಭೂಮಿಯೂ ಇತ್ತು; ಮಣ್ಣಿನಿಂದ ದೂರವಾದ ಅವರು ಉಳಿಯಲಿಲ್ಲ. ಆದ್ದರಿಂದ ಮಣ್ಣಿನ ಮಹಿಮೆಯನ್ನು ಹೇಳುವ ಓದು ಸುಳ್ಳಲ್ಲ. ಅದು ಅಪೂರ್ಣ, ಅಷ್ಟೆ. ‘ಮಣ್ಣು ಕೊಟ್ಟಿತು’ ಎನ್ನುವಾಗ ಕೊಟ್ಟ ಕೈಯೊಂದು ಮರೆಯಾಗಿಬಿಡುತ್ತದೆ. ಚೀನೀ ವಿದ್ವಾಂಸರಾದ ಕಿಯಾಂಗ್ ಕಾಂಗ್-ಹು ಅವರು 1933ರಲ್ಲಿ ಈ ಕೃತಿಯನ್ನು ಟೀಕಿಸುತ್ತ, ಇಂಥ ಅನಕ್ಷರಸ್ಥ ರೈತಾಪಿ ಜನ ಸಂಖ್ಯೆಯಲ್ಲಿ ಹೆಚ್ಚಿರಬಹುದಾದರೂ ಚೀನದ ಪ್ರತಿನಿಧಿಗಳಲ್ಲವೆಂದು ವಾದಿಸಿದರು. ಬಹುಸಂಖ್ಯಾತರು ಪ್ರತಿನಿಧಿಗಳಲ್ಲವಾದರೆ ಮತ್ತಾರು ಎಂಬ ಅರ್ಥದ ಉತ್ತರವನ್ನು ಲೇಖಕಿ ಕೊಟ್ಟರು. ವಾದ ರೈತನ ಸುತ್ತಲೇ ತಿರುಗಿತು. ರೈತನ ಹೆಂಡತಿಯ ಮಾತು ಅಲ್ಲಿ ಏಳಲಿಲ್ಲ. ಕೃತಿಗೆ 1932ರಲ್ಲಿ ಪುಲಿಟ್ಜರ್ ಬಹುಮಾನ ಬಂತು, 1938ರಲ್ಲಿ ಲೇಖಕಿಗೆ ನೊಬೆಲ್ ಬಂತು. 1937ರ ಚಲನಚಿತ್ರದಲ್ಲಿ ಓಲಾನಳ ಪಾತ್ರ ವಹಿಸಿದ ಲೂಯಿಸ್ ರೈನರ್ ಅವರಿಗೆ ಶ್ರೇಷ್ಠ ನಟಿಯೆಂಬ ಆಸ್ಕರ್ ದೊರೆಯಿತು. ತೆರೆಯ ಮೇಲಾದರೂ ಜನ ಅವಳನ್ನು ಗುರುತಿಸಿದರೆನ್ನಬೇಕು.

ಲೇಖಕಿಗೆ ಈ ಲೆಕ್ಕದ ಅರಿವು ಎಲ್ಲಿಂದ ಬಂತೆಂಬುದಕ್ಕೆ ಅವರ ಬಾಳಿನ ಒಂದು ಸಂಗತಿ ಬೆಳಕು ಚೆಲ್ಲುತ್ತದೆ. 1920ರಲ್ಲಿ ಹುಟ್ಟಿದ ಅವರ ಮಗಳು ಕ್ಯಾರಲ್ ಬುದ್ಧಿಮಾಂದ್ಯಕ್ಕೆ ಗುರಿಯಾದಳು. ಮಗಳನ್ನು ಅಮೆರಿಕೆಯ ನ್ಯೂಜೆರ್ಸಿಯ ಸಂಸ್ಥೆಯೊಂದರಲ್ಲಿ ಬಿಟ್ಟು, ಜೀವಮಾನದುದ್ದಕ್ಕೂ ಅವಳ ಪೋಷಣೆಗೆ ಬೇಕಾಗುವ ಹಣವನ್ನು ಸಂಪಾದಿಸಬೇಕಾಗಿದ್ದ ಕಾಲದಲ್ಲಿ, ನಾನ್‌ಕಿಂಗ್ ನಗರದ ಮನೆಯ ಅಟ್ಟದಲ್ಲಿ ಕುಳಿತು ಈ ಕಾದಂಬರಿಯನ್ನು ಬರೆದರು. ವಾಂಗ್ ಲುಂಗನ ಹಿರಿಯ ಮಗಳೂ ಬರಗಾಲದ ಹಸಿವಿನಿಂದ ಬುದ್ಧಿ ಬೆಳೆಯದವಳು. ಅವಳಿಗೆ ಕಥೆಯಲ್ಲಿ ಹೆಸರೇ ಇಲ್ಲ. ಮಾರಾಟವಾಗುವುದರಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಮಗಳು ಅವಳು. ತಾಯಿ ಸತ್ತ ಮೇಲೆ ಅವಳಿಗೆ ತಂದೆಯೇ ಉಣಿಸಿ, ಬಿಸಿಲಿಗೆ ತಂದು ಕೂರಿಸಿ, ಮಳೆ ಬಂದರೆ ಒಳಗೆ ಕರೆದೊಯ್ಯುತ್ತಾನೆ. ತಾನು ಸತ್ತ ಮೇಲೆ ಇವಳ ಗತಿಯೇನೆಂಬ ಚಿಂತೆಯಿಂದ ವಿಷವನ್ನು ಕೊಂಡು ಇಟ್ಟುಕೊಳ್ಳುತ್ತಾನೆ. ಮುಪ್ಪಿನಲ್ಲಿ ತನ್ನ ಆಶ್ರಯದಲ್ಲಿದ್ದ ಪೇರ್ ಬ್ಲಾಸಮ್ ಎಂಬ ಎಳೆಯ ಹೆಣ್ಣಿನ ಕೈಗೆ ಅದನ್ನು ಕೊಡಹೋದಾಗ, ಒಂದು ಹುಳುವನ್ನೂ ಕೊಲ್ಲಲಾರದ ತಾನು ಇದನ್ನು ಹೇಗೆ ಮಾಡಲಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಅವಳು ವಹಿಸಿಕೊಳ್ಳುತ್ತಾಳೆ. ಅವಳೂ ಬರಗಾಲದ ವರ್ಷ ಮಾರಾಟವಾಗಿ ಬಂದ ತೊತ್ತು. ಓಲಾನ್ ಬಿಟ್ಟುಹೋದ ಕೆಲಸ ಮತ್ತೊಬ್ಬ ತೊತ್ತಿನ ಪಾಲಿಗೆ ಬರುತ್ತದೆ.

ಅಷ್ಟರಲ್ಲಿ ವಾಂಗ್ ಲುಂಗ್ ಹ್ವಾಂಗರ ದೊಡ್ಡಮನೆಯಲ್ಲಿ ನೆಲಸಿದ್ದಾನೆ. ನಡುಗುತ್ತ ನಿಂತಿದ್ದ ಕಡೆ ಒಡೆಯನಾಗಿ ಕುಳಿತಿದ್ದಾನೆ. ಈಗ ಹೆಬ್ಬಾಗಿಲಾಚೆಯ ಬಡಜನ ಇವನ ಮಕ್ಕಳ ದರ್ಪವನ್ನು ಕಂಡು ಹಲ್ಲು ಕಡಿಯುತ್ತಾರೆ. ಸಾವು ಸಮೀಪಿಸಿದಾಗ ಅವನು ಹಳೆಯ ಮಣ್ಣಿನ ಮನೆಗೆ ಮರಳುತ್ತಾನೆ. ಹೊಲ ಮಾರುವ ವಿಚಾರವನ್ನು ಮಕ್ಕಳು ಮಾತಾಡಿಕೊಳ್ಳುವುದು ಅವನ ಕಿವಿಗೆ ಬೀಳುತ್ತದೆ. ಅಳುತ್ತ ಕೋಪಗೊಂಡ ಮುದುಕನನ್ನು ಎಡಬಲಗಳಲ್ಲಿ ಹಿಡಿದುಕೊಂಡು ಅವರು ಮಾರುವುದಿಲ್ಲವೆಂದು ಸಮಾಧಾನ ಹೇಳುತ್ತಾರೆ. ಹೇಳುತ್ತಲೇ ಅವನ ತಲೆಯ ಮೇಲಿನಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಕಾದಂಬರಿ ಅಲ್ಲಿಗೆ ನಿಲ್ಲುತ್ತದೆ. ಇದರ ಮುಂದಿನ ಕಥೆಯಾದ ‘ಸನ್ಸ್’ 1932ರಲ್ಲಿ ಪ್ರಕಟವಾಯಿತು. ಅದರಲ್ಲಿ ಮಕ್ಕಳು ಹೊಲಗಳನ್ನು ಮಾರಲು ತೊಡಗುತ್ತಾರೆ. ಮಣ್ಣಿನ ಮನೆಯಲ್ಲಿ ಉಳಿದುಕೊಳ್ಳುವವಳು ಪೇರ್ ಬ್ಲಾಸಮ್, ಓಲಾನಳ ಆ ಹೆಸರಿಲ್ಲದ ಮಗಳನ್ನು ನೋಡಿಕೊಂಡು.